ತೆಳು ಅಲಗಿನ ಜನಕ ಕಿಂಗ್ ಜಿಲೆಟ್

ಪ್ರಾತಃಕಾಲದಲ್ಲಿ ಕನ್ನಡಿಯ ಮುಂದೆ ನಿಂತು, ಬಟ್ಟಲಿನಲ್ಲಿ ಬಿಸಿನೀರನ್ನಿರಿಸಿಕೊಂಡು, ಬ್ರಷ್ಷಿನಿಂದ ಸೋಪಿನ ನೊರೆಯೆಬ್ಬಿಸಿ ಕೆನ್ನೆ ಗಲ್ಲಗಳಿಗೆ ಬಳಿದು, ಎರಡು ಅಂಚುಗಳಲ್ಲಿಯೂ ಹರಿತವುಳ್ಳ ಒಂದು ತೆಳುವಾದ ಉಕ್ಕಿನ ಹಾಳೆಯನ್ನು ಹಿಡಿಗೆ ಸಿಕ್ಕಿಸಿ ತನ್ನ ಕ್ಷೌರವನ್ನು ತಾನೇ ಮಾಡಿಕೊಳ್ಳುವ ಕ್ರಮವು ಅನಾದಿಯಿಂದ ಬಂದುದೆಂಬಂತೆ ನಮಗೆ ತೋರುತ್ತದೆ. ವಾಸ್ತವವಾಗಿ ಅದರ ವಯಸ್ಸು ನೂರ ಇಪ್ಪತ್ತು ವರ್ಷಗಳಿಗಿಂತ ಸ್ವಲ್ಪವೇ ಹೆಚ್ಚು. ಆ ಉಕ್ಕಿನ ಹಾಳೆಯನ್ನು ಸುತ್ತಿದ್ದ ಕಾಗದದ ಮೇಲೆ ದಟ್ಟವಾದ ಮೀಸೆಯುಳ್ಳ ಒಬ್ಬ ಗಂಭೀರ ಪುರುಷನ ಚಿತ್ರವಿರುತ್ತಿತ್ತು. ತಮ್ಮ ದೇಶದ ಮಂತ್ರಿಗಳ ಮುಖವನ್ನು ಕಂಡರಿಯದವರು ಕೂಡ ಆ ಮುಖವನ್ನು ಕಂಡಿದ್ದರು. ಅವನೇ ಕಿಂಗ್ ಕ್ಯಾಂಪ್ ಜಿಲೆಟ್. ಲೋಕವೆಲ್ಲ ಅವನನ್ನು ಕ್ಷೌರದ ಸಲಕರಣೆಯ ವ್ಯಾಪಾರಿಯೆಂದು ಅರಿತಿತ್ತು. ಅವನಾದರೋ ತನ್ನನ್ನು ಒಂದು ನವಸಮಾಜದ ಶಿಲ್ಪಿಯೆಂದು ಭಾವಿಸಿದ್ದನು. ಈ ಎರಡರ ನಡುವಣ ಅಂತರದಲ್ಲಿಯೇ ಅವನ ಜೀವನದ ಸ್ವಾರಸ್ಯವೂ ವ್ಯಥೆಯೂ ಅಡಗಿವೆ.

ಅವನಿಗಿಂತ ಮುಂಚೆ ಕ್ಷೌರವು ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯದಿದ್ದರೆ ಅವನ ಸಾಧನೆಯ ಅಳತೆ ದೊರೆಯದು. ಐರೋಪ್ಯರಲ್ಲಿಯೂ ಅಮೆರಿಕನ್ನರಲ್ಲಿಯೂ, ನಮ್ಮಲ್ಲಿ ಇದ್ದಂತೆಯೇ, ಮಡಿಚುವ ಉದ್ದನೆಯ ಕತ್ತಿಯೇ ಆಗ ಸಾಧನವಾಗಿತ್ತು. ಕುಲುಮೆಯಲ್ಲಿ ಕಾಸಿ ಬಡಿದು ಮಾಡಿದ ಆ ಕತ್ತಿಯ ಬೆನ್ನು ದಪ್ಪ, ಬಾಯಿ ತೆಳುವು. ಪ್ರತಿದಿನವೂ ಅದನ್ನು ಚರ್ಮದ ಪಟ್ಟಿಯ ಮೇಲೆ ಆಡಿಸಬೇಕು. ಕೆಲವು ಕಾಲಕ್ಕೊಮ್ಮೆ ಸಾಣೆಗೆ ಕೊಡಬೇಕು. ಕೈ ಒಂದಿಷ್ಟು ನಡುಗಿದರೆ ಗಂಟಲಿಗೇ ಅಪಾಯ. ಆದಕಾರಣ ಅನುಕೂಲವಿದ್ದವರು ಕ್ಷೌರಿಕನ ಅಂಗಡಿಗೆ ಹೋಗಿ ಕುಳಿತುಕೊಳ್ಳುವುದನ್ನೇ ಲೇಸೆಂದು ಬಗೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಆಯಗಾರರಲ್ಲೊಬ್ಬನಾದ ಕ್ಷೌರಿಕನು ಹಡಪವನ್ನು ಹಿಡಿದು ಮನೆ ಮನೆಗೆ ಬಂದು, ಸುಗ್ಗಿಯ ಕಾಲದಲ್ಲಿ ಕಣದಿಂದ ಧಾನ್ಯದ ಆಯವನ್ನು ಪಡೆಯುತ್ತಿದ್ದ ಪದ್ಧತಿಯನ್ನು ಹಿರಿಯರು ಬಲ್ಲರು.

ಕತ್ತಿಯನ್ನು ನಿರಪಾಯಗೊಳಿಸುವ ಯತ್ನಗಳು ಜಿಲೆಟ್ಟನಿಗಿಂತ ಬಹು ಹಿಂದೆಯೇ ನಡೆದಿದ್ದವು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಜಾನ್ ಜಾಕ್ ಪೆರೆ ಎಂಬ ಕತ್ತಿ ತಯಾರಕನು ಅಲಗಿಗೆ ಮರದ ಕಾಪನ್ನು ಕಟ್ಟಿ, ಚರ್ಮವು ಆಳವಾಗಿ ಕೊಯ್ಯದಂತೆ ಮಾಡಿದ್ದನು. 1880ರಲ್ಲಿ ನ್ಯೂಯಾರ್ಕಿನ ಕಾಂಫೆ ಸಹೋದರರು ಹಿಡಿಗೆ ಅಡ್ಡಲಾಗಿ ಅಲಗನ್ನು ಕೂರಿಸಿದ, ಸಣ್ಣ ಗುದ್ದಲಿಯ ಆಕಾರದ ರೇಜರನ್ನು ಹೊರತಂದರು. ಸುರಕ್ಷೆಯ ಪ್ರಶ್ನೆಯು ಇದರಿಂದ ಬಹುಮಟ್ಟಿಗೆ ಬಗೆಹರಿಯಿತೆನ್ನಬೇಕು. ಬಗೆಹರಿಯದೆ ಉಳಿದುದು ಮಸೆಯುವ ಕಷ್ಟ. ಆ ರೇಜರುಗಳ ಅಲಗೂ ಹಳೆಯ ಕತ್ತಿಯ ತುಂಡೇ ಆಗಿದ್ದುದರಿಂದ ಅದನ್ನು ಬಿಚ್ಚಿ, ಪಟ್ಟಿಗೆ ಉಜ್ಜಿ, ಮತ್ತೆ ಸಾಣೆಗೆ ಕಳುಹಿಸುವ ಗೋಜು ತಪ್ಪಲಿಲ್ಲ.

ಕಿಂಗ್ ಜಿಲೆಟ್ಟನು 1855ನೆಯ ಇಸವಿ ಜನವರಿ 5ರಂದು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ ಜನಿಸಿದನು. ಕಿಂಗ್ ಎಂಬುದು ಬಿರುದಲ್ಲ. ತಂದೆಯ ಮಿತ್ರನಾಗಿದ್ದ ಒಬ್ಬ ನ್ಯಾಯಾಧೀಶನ ಹೆಸರನ್ನು ಮಗುವಿಗೆ ಇಟ್ಟುದಾಗಿತ್ತು. ತಂದೆ ಜಾರ್ಜ್ ಜಿಲೆಟ್ ಕಬ್ಬಿಣದ ಸಾಮಾನುಗಳ ವ್ಯಾಪಾರಿ. ಹೊಸ ಹೊಸ ಉಪಕರಣಗಳನ್ನು ಕಲ್ಪಿಸಿ ಮಾಡುವ ಗೀಳು ಅವನಿಗೆ ಇತ್ತು. ಅದು ಗಂಡುಮಕ್ಕಳಿಗೂ ಹರಿದುಬಂದಿತು. ತಾಯಿ ಫ್ಯಾನಿ ಕ್ಯಾಂಪ್ ಜಿಲೆಟ್ ಸಾಮಾನ್ಯಳಾದ ಗೃಹಿಣಿಯಲ್ಲ. ಪಾಕಶಾಸ್ತ್ರದಲ್ಲಿ ತಾನು ವರ್ಷಗಳ ಕಾಲ ನಡೆಸಿದ ಪ್ರಯೋಗಗಳನ್ನು ಆಕೆ ಪುಸ್ತಕವಾಗಿಸಿದಳು. 1887ರಲ್ಲಿ ಪ್ರಕಟವಾದ ಆ 'ವೈಟ್ ಹೌಸ್ ಕುಕ್‌ಬುಕ್' ಅಮೆರಿಕದ ಮನೆಮನೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದಿತು. ಕೆಲಸದಲ್ಲಿ ವ್ಯರ್ಥವನ್ನು ಸಹಿಸದ ಸ್ವಭಾವವು ಜಿಲೆಟ್ಟನಿಗೆ ತಾಯಿಯ ಅಡುಗೆಮನೆಯಿಂದಲೇ ಬಂದಿರಬೇಕು.

ಬಾಲಕನು ನಾಲ್ಕು ವರ್ಷದವನಾಗಿದ್ದಾಗ ಕುಟುಂಬವು ಶಿಕಾಗೋ ನಗರಕ್ಕೆ ಬಂದು ನೆಲಸಿತು. 1871ರ ಅಕ್ಟೋಬರ್ ತಿಂಗಳಲ್ಲಿ ಆ ನಗರದ ಬಹುಭಾಗವನ್ನು ಸುಟ್ಟು ಬೂದಿಮಾಡಿದ ಮಹಾ ಅಗ್ನಿಯಲ್ಲಿ ತಂದೆಯ ವ್ಯಾಪಾರವೂ ಭಸ್ಮವಾಯಿತು. ಕುಟುಂಬವು ನ್ಯೂಯಾರ್ಕಿನ ಕಡೆಗೆ ಹೊರಟಿತು. ಹದಿನಾರು ತುಂಬಿ ಹದಿನೇಳಕ್ಕೆ ಕಾಲಿಡುತ್ತಿದ್ದ ಕಿಂಗ್ ದುಡಿಮೆಗೆ ನಿಂತನು. ಮೊದಲು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಗುಮಾಸ್ತೆ, ತರುವಾಯ ಊರೂರು ಅಲೆದು ಸರಕು ಮಾರುವ ಪ್ರತಿನಿಧಿ. ರೈಲು, ಹೋಟೆಲು, ಮಾದರಿಗಳ ಪೆಟ್ಟಿಗೆ, ಇವುಗಳಲ್ಲಿಯೇ ಅವನ ಯೌವನವು ಕಳೆಯಿತು. ಮಾರುವ ವಸ್ತುವಿನಲ್ಲಿ ಲೋಪ ಕಂಡೊಡನೆ ಅದನ್ನು ತಿದ್ದಲೆಳಸುವುದು ಅವನ ಅಭ್ಯಾಸ. ಕೆಲವಕ್ಕೆ ಪೇಟೆಂಟು ಕೂಡ ದೊರೆತಿತು. ಹಣ ಮಾತ್ರ ದೊರೆಯಲಿಲ್ಲ. 1890ರಲ್ಲಿ ಅಟ್ಲಾಂಟಾ ಗೇನ್ಸ್ ಎಂಬಾಕೆಯೊಡನೆ ವಿವಾಹವಾಯಿತು. ಅವರಿಗೆ ಒಬ್ಬನೇ ಮಗ.

1891ರಲ್ಲಿ ಅವನು ಬಾಟಲಿಯ ಮುಚ್ಚಳಗಳನ್ನು ತಯಾರಿಸುವ ಕಂಪನಿಯೊಂದರ ಮಾರಾಟಗಾರನಾಗಿ ಸೇರಿದನು. ಅದರ ಮೂಲಪುರುಷ ವಿಲಿಯಂ ಪೇಂಟರ್. ಸೋಡಾ ಮೊದಲಾದ ಪಾನೀಯಗಳ ಬಾಟಲಿಗಳಿಗೆ ಇಂದೂ ಹಾಕುವ, ಅಂಚು ಸುಕ್ಕುಗಟ್ಟಿದ ತಗಡಿನ ಮುಚ್ಚಳವನ್ನು ಕಂಡುಹಿಡಿದವನು ಇವನೇ. ಒಮ್ಮೆ ತೆರೆದ ಮುಚ್ಚಳವು ಮತ್ತೆ ಉಪಯೋಗಕ್ಕೆ ಬಾರದು. ಪ್ರತಿ ಬಾಟಲಿಗೂ ಹೊಸದು ಬೇಕು. ಪೇಂಟರನ ಸಂಪತ್ತಿನ ರಹಸ್ಯವು ಇದೇ ಆಗಿತ್ತು. ಸಂಭಾಷಣೆಯ ನಡುವೆ ಅವನು ಜಿಲೆಟ್ಟನಿಗೆ, ಒಮ್ಮೆ ಬಳಸಿ ಬಿಸುಡುವಂಥ, ಆದ್ದರಿಂದ ಗಿರಾಕಿಯು ಮತ್ತೆ ಮತ್ತೆ ಕೊಳ್ಳಲೇಬೇಕಾದಂಥ ವಸ್ತುವೊಂದನ್ನು ಯೋಚಿಸುವಂತೆ ಸಲಹೆಯಿತ್ತನು. ಈ ಮಾತು ಜಿಲೆಟ್ಟನ ತಲೆಯಲ್ಲಿ ನಾಟಿಕೊಂಡಿತು. ಅಕ್ಷರಮಾಲೆಯ ಒಂದೊಂದು ಅಕ್ಷರವನ್ನೂ ಹಿಡಿದು, ಅದರಿಂದ ಆರಂಭವಾಗುವ ನಿತ್ಯೋಪಯೋಗಿ ವಸ್ತುಗಳನ್ನೆಲ್ಲ ನೆನೆದು ನೋಡುತ್ತಿದ್ದನೆಂದು ಹೇಳುತ್ತಾರೆ. ವರ್ಷಗಳು ಉರುಳಿದವು, ವಸ್ತು ಹೊಳೆಯಲಿಲ್ಲ.

ಈ ಮಧ್ಯೆ ಅವನ ಮನಸ್ಸಿನ ಇನ್ನೊಂದು ಮುಖವು ಪ್ರಕಟವಾಯಿತು. 1894ರಲ್ಲಿ, ಅಂದರೆ ಅಲಗಿನ ಆಲೋಚನೆಯು ಹುಟ್ಟುವುದಕ್ಕೂ ಮುಂಚೆ, ಅವನು 'ದಿ ಹ್ಯೂಮನ್ ಡ್ರಿಫ್ಟ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಪೈಪೋಟಿಯೇ ಮಾನವಕುಲದ ಸಕಲ ದುಃಖಗಳ ಬೇರು ಎಂಬುದು ಅದರ ಪ್ರತಿಪಾದನೆ. ಒಂದೇ ಬೀದಿಯಲ್ಲಿ ಹತ್ತು ಅಂಗಡಿಗಳು, ಒಂದೇ ಸರಕಿಗೆ ನೂರು ಕಾರ್ಖಾನೆಗಳು, ಒಬ್ಬನನ್ನು ಕೆಡವಿ ಇನ್ನೊಬ್ಬನು ಏಳುವ ಹೋರಾಟ. ಇದರಿಂದ ಶ್ರಮವೂ ಸಾಮಗ್ರಿಯೂ ವ್ಯರ್ಥವಾಗಿ ದಾರಿದ್ರ್ಯವೂ ಅಪರಾಧವೂ ಬೆಳೆಯುತ್ತವೆಂದು ಅವನು ಕಂಡುಕೊಂಡಿದ್ದನು. ಇಪ್ಪತ್ತು ವರ್ಷ ಊರೂರು ಅಲೆದು ಸರಕು ಮಾರಿದವನ ಅನುಭವ ಇದು. ಗ್ರಂಥಾಲಯದಲ್ಲಿ ಕುಳಿತು ಹೊಸೆದ ತರ್ಕವಲ್ಲ. ಅವನು ಸೂಚಿಸಿದ ಪರಿಹಾರ ಮಾತ್ರ ವಿಲಕ್ಷಣವಾದುದು. ಎಲ್ಲ ಉತ್ಪಾದನೆಯನ್ನೂ ಒಂದೇ ಬೃಹತ್ ಕಂಪನಿಯು ವಹಿಸಿಕೊಳ್ಳಬೇಕು. ಪ್ರಜೆಗಳೆಲ್ಲರೂ ಅದರ ಪಾಲುದಾರರಾಗಬೇಕು. ನಯಾಗರಾ ಜಲಪಾತದ ಸಮೀಪದಲ್ಲಿ, ಅದರ ವಿದ್ಯುಚ್ಛಕ್ತಿಯನ್ನು ಬಳಸಿಕೊಂಡು, 135 ಮೈಲಿ ಉದ್ದ 45 ಮೈಲಿ ಅಗಲದ ಒಂದೇ ಮಹಾನಗರವನ್ನು ಕಟ್ಟಿ 6 ಕೋಟಿ ಜನರನ್ನು ಅಲ್ಲಿ ನೆಲೆಗೊಳಿಸಬೇಕು. ಆ ಕಾಲದಲ್ಲಿ ಅಮೆರಿಕದ ಒಟ್ಟು ಜನಸಂಖ್ಯೆಯೇ 6 ಕೋಟಿಗಿಂತ ತುಸು ಮಿಗಿಲಾಗಿತ್ತೆಂಬುದನ್ನು ಗಮನಿಸಬೇಕು. ಜೇನುಗೂಡಿನಂತೆ ಷಟ್ಕೋನಾಕಾರದಲ್ಲಿ ಹೆಣೆದುಕೊಂಡ ಬೀದಿಗಳು, ಗೋಪುರದಂಥ ವಸತಿಗಳು, ಸಾರ್ವಜನಿಕ ಪಾಕಶಾಲೆಗಳು, ಇವೆಲ್ಲದರ ನಕ್ಷೆಗಳನ್ನೂ ಗ್ರಂಥದಲ್ಲಿ ಕೊಟ್ಟಿದ್ದನು. ಮನುಷ್ಯರು ಜೇನುಹುಳುಗಳಲ್ಲವೆಂಬ ಸಾಮಾನ್ಯ ಸಂಗತಿಯು ಅವನ ಗಮನಕ್ಕೆ ಬಾರದೆ ಹೋದುದು ಸೋಜಿಗವೇ ಸರಿ. ಗ್ರಂಥವನ್ನು ಓದಿದವರು ವಿರಳ.

1895ರ ಬೇಸಿಗೆಯ ಒಂದು ಬೆಳಗು. ಬಾಸ್ಟನ್ ನಗರಕ್ಕೆ ಹೊಂದಿಕೊಂಡ ಬ್ರೂಕ್‌ಲೈನ್ ಎಂಬಲ್ಲಿದ್ದ ಮನೆಯಲ್ಲಿ ಜಿಲೆಟ್ಟನು ಕ್ಷೌರಕ್ಕೆ ನಿಂತನು. ಕತ್ತಿಯು ಮೊಂಡಾಗಿತ್ತು. ಚರ್ಮದ ಪಟ್ಟಿಗೆ ಉಜ್ಜಿದರೆ ಸರಿಹೋಗುವ ಮೊಂಡುತನವಲ್ಲ ಅದು; ಸಾಣೆ ಹಿಡಿಸದೆ ಗತಿಯಿರಲಿಲ್ಲ. ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಂತೆ ಅವನಿಗೆ ಒಂದು ಸಂಗತಿ ಹೊಳೆಯಿತು. ಕೂದಲನ್ನು ಕತ್ತರಿಸುವುದು ಅಲಗಿನ ಅಂಚು ಮಾತ್ರ. ಹಿಂದಿನ ದಪ್ಪ ಉಕ್ಕೆಲ್ಲವೂ ಆ ಅಂಚನ್ನು ಹೊತ್ತು ನಿಲ್ಲುವುದಕ್ಕಷ್ಟೇ ಇರುವುದು. ಆಧಾರದ ಕೆಲಸವನ್ನು ಬೇರೊಂದು ಹಿಡಿಕೆಗೆ ವಹಿಸಿದರೆ ಅಲಗು ಕಾಗದದಂತೆ ತೆಳುವಾಗಿರಬಹುದು. ತೆಳುವಾದರೆ ಅಗ್ಗವಾಗುತ್ತದೆ, ಅಗ್ಗವಾದರೆ ಮೊಂಡಾದೊಡನೆ ಬಿಸುಡಬಹುದು. ಪೇಂಟರನ ಸಲಹೆಗೆ ಉತ್ತರವು ಹೀಗೆ ಕನ್ನಡಿಯ ಮುಂದೆ ಒದಗಿಬಂದಿತು. ಕೂಡಲೇ ಕಬ್ಬಿಣದ ಅಂಗಡಿಗೆ ಹೋಗಿ ಹಿತ್ತಾಳೆಯ ತುಂಡುಗಳನ್ನೂ, ಗಡಿಯಾರದ ಸುರುಳಿಗೆ ಬಳಸುವ ಉಕ್ಕಿನ ಪಟ್ಟಿಯನ್ನೂ, ಅರಗಳನ್ನೂ, ಒಂದು ಚಿಕ್ಕ ಹಿಡಿಕಟ್ಟನ್ನೂ ಕೊಂಡುತಂದು ಮಾದರಿಯನ್ನು ಮಾಡಲು ತೊಡಗಿದನು. ಆಗ ಓಹಿಯೋದಲ್ಲಿದ್ದ ಪತ್ನಿಗೆ, ತಮ್ಮ ಭಾಗ್ಯವು ತೆರೆಯಿತೆಂದು ಪತ್ರವನ್ನೂ ಬರೆದನು.

ಭಾಗ್ಯವು ತೆರೆಯಲು ಇನ್ನೂ ಎಂಟು ವರ್ಷಗಳಿದ್ದವು. ಆಲೋಚನೆಯು ಎಷ್ಟು ಸರಳವೋ ಕಾರ್ಯವು ಅಷ್ಟೇ ದುಸ್ತರವಾಗಿತ್ತು. ಉಕ್ಕಿಗೆ ಹರಿತವು ನಿಲ್ಲಬೇಕಾದರೆ ಅದನ್ನು ಕಾಸಿ ಥಟ್ಟನೆ ತಣಿಸಿ ಗಡುಸುಗೊಳಿಸಬೇಕು. ಕಾಗದದಂಥ ಉಕ್ಕನ್ನು ಹಾಗೆ ಕಾಸಿ ತಣಿಸಿದರೆ ಅದು ಸೊಟ್ಟಗಾಗುತ್ತದೆ, ಇಲ್ಲವೆ ಸಿಡಿದು ಒಡೆಯುತ್ತದೆ. ಗಡುಸು ಮಾಡದೆ ಬಿಟ್ಟರೆ ಅಂಚು ಮಡಿಚಿಕೊಳ್ಳುತ್ತದೆ. ಕತ್ತಿ ಮಾಡುವವರು, ಯಂತ್ರಕಾರರು, ಬಾಸ್ಟನ್ನಿನ ಪ್ರಸಿದ್ಧ ತಂತ್ರಜ್ಞಾನ ಸಂಸ್ಥೆಯ ಲೋಹವಿದ್ವಾಂಸರು, ಯಾರನ್ನು ಕೇಳಿದರೂ ಇದು ಆಗದ ಮಾತೆಂದೇ ಉತ್ತರ. ಜಿಲೆಟ್ಟನು ಮುಚ್ಚಳದ ಮಾರಾಟವನ್ನು ಬಿಡದೆ, ಬಿಡುವಿನ ವೇಳೆಯನ್ನೂ ಉಳಿಸಿದ ಹಣವನ್ನೂ ಇದರಲ್ಲಿಯೇ ತೊಡಗಿಸಿದನು. ಮಿತ್ರರಿಗೆ ಅವನ ರೇಜರು ಪರಿಹಾಸ್ಯದ ವಸ್ತುವಾಯಿತು. ತನಗೆ ಲೋಹಶಾಸ್ತ್ರದ ಶಿಕ್ಷಣವಿದ್ದಿದ್ದರೆ ಆರಂಭದಲ್ಲಿಯೇ ಕೈಬಿಡುತ್ತಿದ್ದೆನೆಂದು ಅವನು ಮುಂದೆ ಒಪ್ಪಿಕೊಂಡಿದ್ದುಂಟು. ವಿದ್ಯೆಯನ್ನು ಬೋಧಿಸುವವರಿಗೆ ಇದು ಅಷ್ಟೇನೂ ಹಿತವಾದ ಮಾತಲ್ಲ. ಆದರೆ ಕಡೆಗೆ ಅವನ ಕಾರ್ಯವು ನೆರವೇರಿದುದು ಒಬ್ಬ ವಿದ್ಯಾವಂತನಿಂದಲೇ ಎಂಬುದನ್ನೂ ಮರೆಯುವಂತಿಲ್ಲ.

ಆತನ ಹೆಸರು ವಿಲಿಯಂ ಎಮರಿ ನಿಕರ್ಸನ್. ಆಗದೆಂದು ಹೇಳಿದ ಅದೇ ತಂತ್ರಜ್ಞಾನ ಸಂಸ್ಥೆಯ ಪದವೀಧರನಾದ ಈತನು ಹಲವು ಯಂತ್ರಗಳನ್ನು ರಚಿಸಿದ್ದ ಕುಶಲಿ. 1901ರಲ್ಲಿ ಜಿಲೆಟ್ಟನ ಮಿತ್ರರು ಮಾದರಿಯನ್ನು ಇವನ ಮುಂದಿಟ್ಟರು. ನಿಕರ್ಸನನು ಮೊದಲು ಹಿಂದೆಗೆದನು; ಬಳಿಕ ಕೆಲವು ವಾರಗಳ ಕಾಲ ಆಲೋಚಿಸಿ ಒಪ್ಪಿಕೊಂಡನು. ತೆಳುವಾದ ಅಲಗನ್ನು ಹದಗೊಳಿಸುವ ಮತ್ತು ಮಸೆಯುವ ಯಂತ್ರಗಳನ್ನು ತಾನು ನಿರ್ಮಿಸಬಲ್ಲೆನೆಂಬ ಧೈರ್ಯವು ಅವನಿಗೆ ಬಂದಿತು. ಅಷ್ಟೇ ಮುಖ್ಯವಾದ ಇನ್ನೊಂದು ಅಂಶವನ್ನೂ ಅವನು ಕಂಡನು: ಅಲಗು ತೆಳುವಾದಷ್ಟೂ ಹಿಡಿಕೆಯು ಭದ್ರವಾಗಿಯೂ ನಿಖರವಾಗಿಯೂ ಇರಬೇಕು, ಅಲಗಿನ ಅಂಚು ಕಾಪಿನಿಂದ ಎಷ್ಟು ಹೊರಚಾಚಬೇಕೋ ಅಷ್ಟೇ ಚಾಚಬೇಕು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿಯು ಸ್ಥಾಪಿತವಾಯಿತು. ಬಾಸ್ಟನ್ ಬಂದರಿನ ಬಳಿ, ಕೆಳಗೆ ಮೀನಿನ ಅಂಗಡಿಯಿದ್ದ ಕಟ್ಟಡದ ಮಾಳಿಗೆಯಲ್ಲಿ ಕೆಲಸ ಆರಂಭ. ಮರುವರ್ಷ ಕಂಪನಿಗೆ ಜಿಲೆಟ್ಟನ ಹೆಸರನ್ನೇ ಇಟ್ಟರು. ಶ್ರಮದ ಅರ್ಧಭಾಗ ನಿಕರ್ಸನನದೇ ಆದರೂ, ಇಂಗ್ಲಿಷಿನಲ್ಲಿ ಅವನ ಹೆಸರಿನ ಮೊದಲ ಭಾಗವು ಕಚ್ಚು, ಗೀರು ಎಂಬ ಅರ್ಥವನ್ನು ಕೊಡುವುದರಿಂದ ಕ್ಷೌರದ ಸಲಕರಣೆಗೆ ಅದು ಸಲ್ಲುವಂತಿರಲಿಲ್ಲ! ಕೀರ್ತಿಯ ಪಾಲು ಕೆಲವೊಮ್ಮೆ ಇಂಥ ಕ್ಷುಲ್ಲಕ ಕಾರಣದಿಂದಲೂ ನಿರ್ಣಯವಾಗುತ್ತದೆ.

1902ರ ಹೊತ್ತಿಗೆ ಕಂಪನಿಯ ಬೊಕ್ಕಸ ಬರಿದಾಗಿ, ಸಾಲ ಏರಿ, ಬಾಗಿಲು ಮುಚ್ಚುವ ಸ್ಥಿತಿ ಬಂದಿತು. ಬಾಸ್ಟನ್ನಿನ ಧನಿಕ ಜಾನ್ ಜಾಯ್ಸ್ ಎಂಬವನು ಬಂಡವಾಳ ಹಾಕಿ ಅದನ್ನು ಉಳಿಸಿದನು. ಆದರೆ ಹಣದೊಡನೆ ಅಧಿಕಾರವೂ ಅವನ ಕೈಸೇರಿತು. 1903ರಲ್ಲಿ ಮಾರಾಟ ಆರಂಭವಾಯಿತು. ಆ ವರ್ಷ ಮಾರಿದುದು 51 ರೇಜರುಗಳು, 168 ಬ್ಲೇಡುಗಳು. ಎಂಟು ವರ್ಷಗಳ ತಪಸ್ಸಿಗೆ ಇದು ಫಲವೇ ಎಂದು ಯಾರಿಗಾದರೂ ಅನಿಸದಿರದು. ಜಿಲೆಟ್ಟನಿಗೆ ಕಂಪನಿಯಿಂದ ಸಂಬಳವಿರಲಿಲ್ಲ. ಸಂಸಾರದ ನಿರ್ವಹಣೆಗಾಗಿ ಮುಚ್ಚಳದ ಕಂಪನಿಯ ಕೆಲಸದ ಮೇಲೆ ಹೆಂಡತಿ ಮಗನೊಡನೆ ಲಂಡನ್ನಿಗೆ ತೆರಳಬೇಕಾಯಿತು. ತಾನು ಹಡೆದ ಕೂಸನ್ನು ತೊಟ್ಟಿಲಲ್ಲೇ ಬಿಟ್ಟು ಪರದೇಶಕ್ಕೆ ಹೋದವನ ಪಾಡು ಅವನದು. ಅವನು ಅತ್ತ ಇರುವಾಗ ಇತ್ತ ಜಾಹೀರಾತು ಕೆಲಸ ಮಾಡಿತು. 1904ರಲ್ಲಿ ಮಾರಾಟವಾದ ರೇಜರುಗಳ ಸಂಖ್ಯೆ 90 ಸಾವಿರವನ್ನು ಮೀರಿತು. ಅದೇ ವರ್ಷ ನವೆಂಬರ್ 15ರಂದು ಪೇಟೆಂಟು ಮಂಜೂರಾಯಿತು. ಕಂಪನಿಯು ಹೊರದೇಶಗಳಲ್ಲಿ ಮಾರುವ ಹಕ್ಕನ್ನು ಪರರಿಗೆ ಒಪ್ಪಿಸಿಬಿಡುವ ಯೋಚನೆಯಲ್ಲಿದೆಯೆಂದು ತಿಳಿದು ಜಿಲೆಟ್ಟನು ಧಾವಿಸಿ ಬಂದು ಅದನ್ನು ತಡೆದನು.

ಆ ರೇಜರಿನ ರಚನೆಯನ್ನು ಒಂದಿಷ್ಟು ವಿವರಿಸುವುದು ಉಚಿತ. ಅದರಲ್ಲಿ ಮೂರು ಭಾಗಗಳು: ಮೇಲಿನ ಬಾಗಿದ ಟೊಪ್ಪಿಗೆ, ಕೆಳಗಿನ ಕಾಪು, ತಿರುಪುಳ್ಳ ಹಿಡಿ. ನಡುವೆ ಮೂರು ರಂಧ್ರಗಳುಳ್ಳ, ಇಂಚಿನ ಸಾವಿರ ಭಾಗಗಳಲ್ಲಿ ಆರು ಭಾಗದಷ್ಟು ಮಾತ್ರ ದಪ್ಪವುಳ್ಳ ಬ್ಲೇಡು. ಹಿಡಿಯನ್ನು ತಿರುವಿದಂತೆ ಟೊಪ್ಪಿಗೆಯು ಕೆಳಕ್ಕೆ ಇಳಿದು ಬ್ಲೇಡನ್ನು ಬಿಲ್ಲಿನಂತೆ ಬಾಗಿಸುತ್ತದೆ. ಬಾಗಿದ ಹಾಳೆಗೆ ಬಾಗದ ಹಾಳೆಗಿಲ್ಲದ ಬಿಗಿ ಬರುತ್ತದೆಂಬುದನ್ನು ಒಂದು ಕಾಗದವನ್ನು ಕೈಯಲ್ಲಿ ಹಿಡಿದು ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಬಹುದು. ದಪ್ಪ ಉಕ್ಕು ಮಾಡುತ್ತಿದ್ದ ಕೆಲಸವನ್ನು ಈ ಬಾಗು ಮಾಡಿತು. ಎರಡೂ ಅಂಚುಗಳು ಹರಿತವಾದುದರಿಂದ ಒಂದೇ ಬ್ಲೇಡಿನಿಂದ ಇಮ್ಮಡಿ ಪ್ರಯೋಜನ. ಉಳಿದ ಸಿದ್ಧತೆಗಳು ಹಳೆಯವೇ. ನೀರನ್ನು ಹೀರಿದ ಕೂದಲು ಮೆದುವಾಗುತ್ತದೆ. ಸೋಪಿನ ನೊರೆಯು ಆ ನೀರನ್ನು ಆರದಂತೆ ಹಿಡಿದಿಟ್ಟು ಅಲಗು ಜಾರಲು ಅನುವು ಮಾಡುತ್ತದೆ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನಿಂದ ಕಟ್ಟಿದ ಬ್ರಷ್ಷು ನೀರನ್ನು ಚೆನ್ನಾಗಿ ಹಿಡಿಯುವುದರಿಂದ ಶ್ರೇಷ್ಠವೆಂಬ ಎಣಿಕೆಯಿದೆ. ಒತ್ತದೆ, ಓರೆಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲಿ ಮೊದಲು ಎಳೆಯಬೇಕೆಂಬುದನ್ನು ಅನುಭವಿಗಳು ಬಲ್ಲರು. ಅವಸರದವನಿಗೆ ಜಿಲೆಟ್ಟನ ಸುರಕ್ಷಿತ ರೇಜರೂ ರಕ್ತವನ್ನು ತೋರಿಸದೆ ಬಿಡುವುದಿಲ್ಲ.

ಜಿಲೆಟ್ಟನು ರೇಜರನ್ನು ಪುಕ್ಕಟೆಯಾಗಿ ಹಂಚಿ ಬ್ಲೇಡಿನಿಂದ ಲಾಭ ಗಳಿಸಿದನೆಂಬ ಕಥೆಯೊಂದು ವಾಣಿಜ್ಯಶಾಸ್ತ್ರದ ತರಗತಿಗಳಲ್ಲಿ ಪ್ರಚಾರದಲ್ಲಿದೆ. ಅದು ಸತ್ಯಕ್ಕೆ ದೂರ. ಆರಂಭದಲ್ಲಿ ರೇಜರಿನ ಬೆಲೆ 5 ಡಾಲರು. ಸಾಮಾನ್ಯ ಕೆಲಸಗಾರನ ವಾರದ ಕೂಲಿಯಲ್ಲಿ ಸುಮಾರು ಅರ್ಧದಷ್ಟು ಅದಕ್ಕೇ ತೆರಬೇಕಾಗಿತ್ತು. ಪೇಟೆಂಟಿನ ಆಶ್ರಯವಿದ್ದ ಹದಿನೇಳು ವರ್ಷ ಆ ಬೆಲೆಯನ್ನು ಇಳಿಸಲಿಲ್ಲ. 1921ರಲ್ಲಿ ಪೇಟೆಂಟು ಮುಗಿದು ಯಾರು ಬೇಕಾದರೂ ಅಂಥ ರೇಜರನ್ನು ಮಾಡಬಹುದಾದಾಗ ಮಾತ್ರ ಕಂಪನಿಯು ಹಳೆಯ ಮಾದರಿಯನ್ನು 1 ಡಾಲರಿಗೆ ಇಳಿಸಿ, ಸುಧಾರಿಸಿದ ಹೊಸ ಮಾದರಿಯನ್ನು 5 ಡಾಲರಿಗೆ ಇಟ್ಟಿತು. ಆ ಮೇಲೆಯೇ ಬ್ಲೇಡಿನ ಆದಾಯವು ನಿಜವಾಗಿ ಹೊಳೆಯಾಗಿ ಹರಿದುದು.

ರೇಜರು ಗೆದ್ದಿತು, ಆದರೆ ಕಂಪನಿಯೊಳಗೆ ಜಿಲೆಟ್ಟನು ಸೋತನು. ಅವನಿಗೂ ಜಾಯ್ಸನಿಗೂ ಅಧಿಕಾರಕ್ಕಾಗಿ ವರ್ಷಗಳ ಕಾಲ ಕಲಹ ನಡೆದು, 1910ರ ವೇಳೆಗೆ ಅವನು ತನ್ನ ಷೇರುಗಳ ಬಹುಭಾಗವನ್ನು ಜಾಯ್ಸನಿಗೆ ಮಾರಿ ಆಡಳಿತದಿಂದ ಹೊರಬಂದನು. ಅಧ್ಯಕ್ಷನೆಂಬ ಹೆಸರೂ ಬ್ಲೇಡಿನ ಹೊದಿಕೆಯ ಮೇಲಿನ ಚಿತ್ರವೂ ಉಳಿದವು. ಪೈಪೋಟಿಯನ್ನು ಮಾನವಕುಲದ ಶತ್ರುವೆಂದು ಬರೆದವನು ಪೈಪೋಟಿಯಲ್ಲಿ ಗಳಿಸಿ, ತನ್ನದೇ ಕಂಪನಿಯ ಒಳಗಣ ಪೈಪೋಟಿಯಲ್ಲಿ ಪರಾಭವಗೊಂಡುದು ವಿಧಿಯ ವಿಡಂಬನೆ. ಆದರೆ ಅವನು ಕುಗ್ಗಿದಂತೆ ತೋರುವುದಿಲ್ಲ. ಕೈಯಲ್ಲಿ ಹಣವಿದ್ದುದರಿಂದ ಹಳೆಯ ಕನಸು ಮತ್ತೆ ಎದ್ದಿತು. ಅದೇ ವರ್ಷ 'ವರ್ಲ್ಡ್ ಕಾರ್ಪೊರೇಷನ್' ಎಂಬ ಗ್ರಂಥವನ್ನು ಹೊರತಂದು, ಆ ಹೆಸರಿನ ವಿಶ್ವಸಂಸ್ಥೆಯನ್ನು ಅರಿಜೋನಾದಲ್ಲಿ ನೋಂದಾಯಿಸಿದನು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಅದರ ಮುಖ್ಯಸ್ಥನಾದರೆ 10 ಲಕ್ಷ ಡಾಲರು ಕೊಡುವುದಾಗಿ ಕೇಳಿಕೊಂಡನು. ರೂಸ್‌ವೆಲ್ಟನು ಒಪ್ಪಲಿಲ್ಲ. ಹಾಸ್ಯಾಸ್ಪದವೆಂದು ಜನ ನಕ್ಕರು. ಗಳಿಸಿದ ಹಣವನ್ನು ತನ್ನ ನಂಬಿಕೆಯ ಮುಂದೆ ಸುರಿಯಲು ಸಿದ್ಧನಾದ ಧನಿಕನು ನಗೆಗೆ ಮಾತ್ರ ಪಾತ್ರನೆಂದು ಹೇಳುವುದು ನ್ಯಾಯವಲ್ಲ.

ರೇಜರನ್ನು ಲೋಕವ್ಯಾಪಿಯನ್ನಾಗಿ ಮಾಡಿದುದು ಒಂದನೆಯ ಮಹಾಯುದ್ಧ. ಕಂದಕಗಳಲ್ಲಿ ಹೇನು ಕೊಳೆಗಳ ನಡುವೆ ಬದುಕುತ್ತಿದ್ದ ಸೈನಿಕನಿಗೆ ನುಣುಪಾದ ಮುಖವು ಶುಚಿಗೂ ಶಿಸ್ತಿಗೂ ಬೇಕಾಗಿತ್ತು. ವಿಷಾನಿಲದಿಂದ ಕಾಪಾಡುವ ಮುಖವಾಡವು ಗಡ್ಡವುಳ್ಳ ಮುಖಕ್ಕೆ ಬಿಗಿಯಾಗಿ ಕೂರುತ್ತಿರಲಿಲ್ಲ. 1918ರಲ್ಲಿ ಅಮೆರಿಕದ ಸರಕಾರವು ತನ್ನ ಸೈನಿಕರಿಗಾಗಿ 35 ಲಕ್ಷ ರೇಜರುಗಳನ್ನೂ 3 ಕೋಟಿ 60 ಲಕ್ಷ ಬ್ಲೇಡುಗಳನ್ನೂ ಕೊಂಡಿತು. ಯುದ್ಧ ಮುಗಿದು ಊರಿಗೆ ಮರಳಿದವರು ಆ ರೇಜರನ್ನೂ ಅಭ್ಯಾಸವನ್ನೂ ಜೊತೆಗೆ ತಂದರು. ಅದರ ತೆರ ಕ್ಷೌರಿಕರ ಮೇಲೆ ಬಿದ್ದಿತು. ನಿತ್ಯ ಕ್ಷೌರಕ್ಕೆ ಬರುತ್ತಿದ್ದವರು ತಲೆಗೂದಲಿಗೆ ಮಾತ್ರ ಬರತೊಡಗಿದರು. ಕಾಲಕ್ರಮದಲ್ಲಿ ನಮ್ಮ ನಾಡಿನಲ್ಲಿಯೂ ಬ್ಲೇಡು ಮನೆಮನೆಗೆ ಬಂದಿತು. ಸವೆದ ಬ್ಲೇಡನ್ನು ಇಲ್ಲಿ ಯಾರೂ ಬಿಸುಡಲಿಲ್ಲ. ಅದನ್ನು ಎರಡಾಗಿ ಮುರಿದು ಹುಡುಗರು ಪೆನ್ಸಿಲನ್ನು ಹೆರೆದರು, ದರ್ಜಿಗಳು ಹೊಲಿಗೆಯನ್ನು ಬಿಚ್ಚಿದರು. ಕಂಪಾಸು ಪೆಟ್ಟಿಗೆಯಲ್ಲಿ ಅರ್ಧ ಬ್ಲೇಡಿಲ್ಲದ ವಿದ್ಯಾರ್ಥಿಯು ಒಂದು ಕಾಲದಲ್ಲಿ ವಿರಳವಾಗಿದ್ದನು. ಅಮೆರಿಕದಲ್ಲಾದರೋ ಸ್ನಾನಗೃಹದ ಗೋಡೆಯ ಪೆಟ್ಟಿಗೆಯಲ್ಲಿ ಒಂದು ಸೀಳುಗಂಡಿಯನ್ನಿಟ್ಟು, ಸವೆದ ಬ್ಲೇಡುಗಳನ್ನು ಅದರಲ್ಲಿ ಹಾಕಿ ಗೋಡೆಯ ಟೊಳ್ಳಿನೊಳಗೆ ಬೀಳಿಸುವ ಏರ್ಪಾಡು ಬಳಕೆಗೆ ಬಂದಿತು. ಹಳೆಯ ಮನೆಗಳನ್ನು ಕೆಡವುವಾಗ ತುಕ್ಕು ಹಿಡಿದ ಬ್ಲೇಡುಗಳ ರಾಶಿ ಈಗಲೂ ಸುರಿಯುವುದುಂಟು. ವ್ಯರ್ಥವನ್ನು ದ್ವೇಷಿಸಿ ಗ್ರಂಥ ಬರೆದವನೇ ಬಿಸುಡುವ ವಸ್ತುಗಳ ಯುಗಕ್ಕೆ ಬಾಗಿಲು ತೆರೆದನೆಂಬುದು ಅವನಿಗೆ ಎಂದಾದರೂ ತೋರಿತ್ತೋ ಇಲ್ಲವೋ.

ಉತ್ತರವಯಸ್ಸಿನಲ್ಲಿ ಅವನು ಕ್ಯಾಲಿಫೋರ್ನಿಯಾದಲ್ಲಿ ನೆಲಸಿದನು. ಅಲ್ಲಿ ಸಮಾಜವಾದಿ ಕಾದಂಬರಿಕಾರ ಅಪ್ಟನ್ ಸಿಂಕ್ಲೇರನ ಸ್ನೇಹವಾಯಿತು. ಜಿಲೆಟ್ಟನ ಆಲೋಚನೆಗಳು ಹಸ್ತಪ್ರತಿಯಲ್ಲಿ ಗೋಜಲುಗೋಜಲಾಗಿ ಹರಡಿದ್ದವು. ಸಿಂಕ್ಲೇರನು ಅವುಗಳನ್ನು ತಿದ್ದಿ ಓರಣಗೊಳಿಸಲು ನೆರವಾದನು. 1924ರಲ್ಲಿ 'ದಿ ಪೀಪಲ್ಸ್ ಕಾರ್ಪೊರೇಷನ್' ಪ್ರಕಟವಾಯಿತು. ಮೋಟಾರು ಕಾರಿನ ಚಕ್ರವರ್ತಿ ಹೆನ್ರಿ ಫೋರ್ಡನ ಭೇಟಿಯನ್ನೂ ಸಿಂಕ್ಲೇರನು ಏರ್ಪಡಿಸಿದನು. ಪೈಪೋಟಿಯಿಂದಲೇ ಪ್ರಗತಿಯೆಂದು ನಂಬಿದ್ದ ಫೋರ್ಡನ ಮುಂದೆ ಜಿಲೆಟ್ಟನ ವಾದವು ನಾಟಲಿಲ್ಲ. ಇಬ್ಬರು ಮುದುಕರು, ಇಬ್ಬರೂ ಕೋಟ್ಯಧೀಶರು, ಒಬ್ಬರನ್ನೊಬ್ಬರು ಒಪ್ಪಿಸಲಾರದೆ ಬೀಳ್ಕೊಂಡರು.

ಲಾಸ್ ಏಂಜಲೀಸಿನ ಹೊರವಲಯದ ಕ್ಯಾಲಬಾಸಸ್ ಎಂಬಲ್ಲಿ ಗುಡ್ಡಗಳ ನಡುವೆ ಅವನು ವಿಸ್ತಾರವಾದ ಜಮೀನನ್ನು ಕೊಂಡು, ವಾಸ್ತುಶಿಲ್ಪಿ ವಾಲೇಸ್ ನೆಫ್‌ನಿಂದ ಭವ್ಯವಾದ ಭವನವನ್ನು ಕಟ್ಟಿಸಿದನು. ಆ ವೈಭವವು ಬಹುಕಾಲ ನಿಲ್ಲಲಿಲ್ಲ. 1929ರ ಅಕ್ಟೋಬರಿನಲ್ಲಿ ಷೇರುಪೇಟೆಯು ಕುಸಿಯಿತು. ಅದೇ ಸಮಯದಲ್ಲಿ ಕಂಪನಿಗೆ ಇನ್ನೊಂದು ಆಘಾತ. ಹೆನ್ರಿ ಗೈಸ್ಮನ್ ಎಂಬ ಪ್ರತಿಸ್ಪರ್ಧಿಯೊಡನೆ ಹೊಸ ಬ್ಲೇಡಿನ ಪೇಟೆಂಟಿನ ಬಗ್ಗೆ ವ್ಯಾಜ್ಯವುಂಟಾಗಿ, ಅದು 1930ರಲ್ಲಿ ಎರಡು ಕಂಪನಿಗಳ ವಿಲೀನದಲ್ಲಿ ಪರ್ಯವಸಾನವಾಯಿತು. ಆಗ ಲೆಕ್ಕಗಳನ್ನು ತನಿಖೆ ಮಾಡಿದಾಗ, ಜಿಲೆಟ್ ಕಂಪನಿಯು ಹಿಂದಿನ ಹಲವು ವರ್ಷಗಳಲ್ಲಿ ತನ್ನ ಲಾಭವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸಿದ್ದುದು ಬೆಳಕಿಗೆ ಬಂದಿತು. ಷೇರಿನ ಬೆಲೆ ಪಾತಾಳಕ್ಕಿಳಿಯಿತು. ಬಹುಕಾಲದಿಂದ ಆಡಳಿತದಲ್ಲಿ ಕೈಯಾಡಿಸದಿದ್ದ ವೃದ್ಧನ ಹೆಸರಿಗೂ ಮಸಿ ತಟ್ಟಿತು. 1931ರಲ್ಲಿ ಅಧ್ಯಕ್ಷ ಪದವಿಯೂ ಹೋಯಿತು. ಇದ್ದ ಸಂಪತ್ತು ಜಮೀನಿನಲ್ಲಿಯೂ ಷೇರಿನಲ್ಲಿಯೂ ಕರಗಿ, ಆರೋಗ್ಯವು ಕೆಟ್ಟು, 1932ನೆಯ ಇಸವಿ ಜುಲೈ 9ರಂದು ಕಿಂಗ್ ಜಿಲೆಟ್ಟನು ತನ್ನ 77ನೆಯ ವಯಸ್ಸಿನಲ್ಲಿ ನಿಧನಹೊಂದಿದನು.

ಅವನ ಹೆಸರಿನ ಕಂಪನಿಯು ಮುಂದೆ ಚೇತರಿಸಿಕೊಂಡು ಬಹುವಾಗಿ ಬೆಳೆದು, 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಇನ್ನೂ ದೊಡ್ಡ ಕಂಪನಿಯಲ್ಲಿ ಸೇರಿಹೋಯಿತು. ನಯಾಗರಾದ ಬಳಿಯ ಮಹಾನಗರಕ್ಕೆ ಒಂದು ಇಟ್ಟಿಗೆಯನ್ನೂ ಯಾರೂ ಇಡಲಿಲ್ಲ. ಕ್ಯಾಲಬಾಸಸಿನ ಭವನದ ಚರಿತ್ರೆ ಮಾತ್ರ ವಿಚಿತ್ರವಾಗಿ ಮುಂದುವರಿಯಿತು. 1935ರಲ್ಲಿ ಅದನ್ನು ಕ್ಲಾರೆನ್ಸ್ ಬ್ರೌನ್ ಎಂಬ ಚಲನಚಿತ್ರ ನಿರ್ದೇಶಕನು ಕೊಂಡನು. 1950ರ ದಶಕದಲ್ಲಿ ಕ್ರೈಸ್ತ ಸಂನ್ಯಾಸಿಗಳು ಅಲ್ಲಿ ತಮ್ಮ ವಿದ್ಯಾಲಯವನ್ನು ತೆರೆದರು. 1986ರಲ್ಲಿ ಅದು ಸೋಕಾ ವಿಶ್ವವಿದ್ಯಾನಿಲಯದ ಕೈಸೇರಿತು. 2005ರಲ್ಲಿ ಸಾರ್ವಜನಿಕ ಸಂಸ್ಥೆಗಳು ಜೊತೆಗೂಡಿ ಅದನ್ನು ಕೊಂಡುಕೊಂಡವು. ಕಿಂಗ್ ಜಿಲೆಟ್ ರಾಂಚ್ ಎಂಬ ಹೆಸರಿನಲ್ಲಿ ಅದು ಈಗ ಎಲ್ಲರಿಗೂ ತೆರೆದ ಉದ್ಯಾನವಾಗಿದೆ. ನೀಲಗಿರಿ ಮರಗಳ ಸಾಲಿನ ನಡುವಣ ಹಾದಿಯಲ್ಲಿ ಶಾಲೆಯ ಮಕ್ಕಳೂ ವೃದ್ಧರೂ ನಡೆದಾಡುತ್ತಾರೆ. ಪ್ರವೇಶಕ್ಕೆ ಹಣವಿಲ್ಲ.